ಅರ್ಧಕ್ಕೆ ನಿಂತ ಭಾಷಣ, ನೇರವಾಗದ ಮೊಣಕೈ

ಕೋವಿಡ್ ಗಲಾಟೆ ಅಡಗಿದ ಮರುವರ್ಷ ನಾನು ಮುಂಬಯಿ ಉಪನಗರದ ಆಸ್ಪತ್ರೆಯೊಂದರಲ್ಲಿ ಪ್ಲಾಸ್ಟಿಕ್ ಸರ್ಜನ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷವಿತ್ತು. ಅನುಮಾನ ನನ್ನ ಹುಟ್ಟುಗುಣ. ‘ನೀವು ಹೇಳಿದಂತೆಯೇ ಮಾಡಿದ್ದೇನೆ’ ಎಂದು ರೋಗಿ ಅಂದರೆ ಮೊದಲು ಅವನ ಮುಖ ನೋಡುತ್ತಿದ್ದೆ, ಆಮೇಲೆ ಗಾಯ.

ಸದಾಶಿವಣ್ಣ ವಿಲೆ ಪಾರ್ಲೆಯ ಹೋಟೆಲಿನಲ್ಲಿ ದೋಸೆ ಹಾಕುವವರು, ಉಡುಪಿ ಕಡೆಯವರು. ಕುದಿಯುವ ಸಾಂಬಾರು ಚೆಲ್ಲಿ ಬಲ ಮೊಣಕೈಯ ಒಳಮಡಿಕೆ ಸುಟ್ಟಿತ್ತು. ಗಾಯವೇನೋ ಮಾಯಿತು, ಕಲೆ ಉಬ್ಬತೊಡಗಿತು. ಗಾಯವಾದಾಗ ದೇಹ ಗ್ರೋತ್ ಫ್ಯಾಕ್ಟರ್ ಎಂಬ ಪ್ರೋಟೀನುಗಳನ್ನು ಬಿಡುತ್ತದೆ. ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಅವುಗಳ ಅಪ್ಪಣೆಯಂತೆ ಕೊಲಾಜೆನ್ ನಾರು ತಯಾರಿಸಿ ಗಾಯ ಮುಚ್ಚುತ್ತವೆ. ಮುಚ್ಚಿದ ಮೇಲೂ ಅಪ್ಪಣೆ ನಿಲ್ಲದಿದ್ದರೆ ಕಲೆ ದಪ್ಪವಾಗುತ್ತ ಹೋಗಿ ಕೀಲನ್ನೇ ಎಳೆದು ಹಿಡಿಯುತ್ತದೆ. ಅವರ ಕೈ ಪೂರ್ತಿ ನೇರವಾಗಲು ಮೂವತ್ತು ಡಿಗ್ರಿ ಕಡಿಮೆಯಿತ್ತು. ಕಾವಲಿಯ ಆಚೆ ತುದಿಗೆ ಕೈ ಚಾಚಲಾಗದವರನ್ನು ಯಾವ ಹೋಟೆಲಿನವರು ಇಟ್ಟುಕೊಳ್ಳುತ್ತಾರೆ?

ಕಲೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟೆ. ಪ್ರೆಶರ್ ಗಾರ್ಮೆಂಟ್ ಎಂಬ ಬಿಗಿಯಾದ ತೋಳುಪಟ್ಟಿಯನ್ನು ಸ್ನಾನದ ಹೊತ್ತು ಬಿಟ್ಟು ದಿನವಿಡೀ ಹಾಕಿಕೊಳ್ಳಲು ಹೇಳಿದೆ. ಮೂರು ತಿಂಗಳಾದರೂ ಕಲೆ ಇಳಿಯಲಿಲ್ಲ, ಇನ್ನಷ್ಟು ಕೆಂಪಾಯಿತು.

“ಖರೇ ಹೇಳ್ರಿ. ಪಟ್ಟಿ ಹಾಕ್ಕೋತೀರೋ ಇಲ್ಲೋ?” ಎಂದು ಕೇಳಿದೆ. ನಾನು ಧಾರವಾಡದವನು, ಸಿಟ್ಟು ಬಂದರೆ ಊರ ಮಾತೇ ಬರುತ್ತದೆ.

“ಹಾಕ್ತೇನೆ ಡಾಕ್ಟ್ರೆ. ಸುಳ್ಳು ಹೇಳಿ ನನಗೆಂತ ಸಿಗ್ಲಿಕ್ಕುಂಟು?”

ನಂಬಲಿಲ್ಲ. ಒಂದು ಭಾನುವಾರ ಹೇಳದೆ ಕೇಳದೆ ಅವರ ಹೋಟೆಲಿಗೆ ಹೋಗಿ, ಮಸಾಲೆ ದೋಸೆ ತರಿಸಿ, ಅಡುಗೆಮನೆಯ ಕಿಂಡಿಯಲ್ಲಿ ಕಳ್ಳನಂತೆ ಇಣುಕಿದೆ. ಆ ಕಾವಲಿಯ ಬಿಸಿಯಲ್ಲೂ ಅವರು ಪಟ್ಟಿ ಹಾಕಿಕೊಂಡೇ ಇದ್ದರು, ಬೆವರು ಇಳಿಯುತ್ತಿತ್ತು. ನನಗೆ ನಾಚಿಕೆಯಾಯಿತು. ಆದರೂ ಕಲೆ ಯಾಕೆ ಬೆಳೆಯುತ್ತಿದೆ ಎಂಬ ಸಂಶಯ ಹೋಗಲಿಲ್ಲ.

ಮುಂದಿನ ಭೇಟಿಯಲ್ಲಿ ಭೂತಗನ್ನಡಿ ಹಿಡಿದೆ. ಕಲೆಯ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ಅದೂ ಸಾಲು ಸಾಲಾಗಿ. ಸೊಳ್ಳೆ ಸಾಲು ಹಿಡಿದು ಕಚ್ಚುವುದಿಲ್ಲ.

“ಇದು ಯಾರ ಕೆಲಸ?”

ಸದಾಶಿವಣ್ಣ ತಲೆ ತಗ್ಗಿಸಿದರು. ಕುರ್ಲಾದ ಬ್ಯೂಟಿ ಪಾರ್ಲರೊಂದರವರು ಇವರ ವಾರದ ರಜೆಯ ದಿನ ಕಲೆಗೆ ಸಣ್ಣ ಸೂಜಿಗಳ ರೋಲರ್ ಉರುಳಿಸಿ, ಮೇಲೆ ‘ಗ್ರೋತ್ ಫ್ಯಾಕ್ಟರ್ ಸೀರಮ್’ ಹಚ್ಚುತ್ತಿದ್ದರಂತೆ.

“ಮೊದಲೇ ಯಾಕ್ರೀ ಹೇಳಲಿಲ್ಲ?”

“ಬೇರೆ ಕಡೆ ಹೋದದ್ದು ಗೊತ್ತಾದ್ರೆ ನಿಮಗೆ ಬೇಜಾರಾಗ್ತದೆ ಅಂತ. ಆದ್ರೆ ಅದು ಒಳ್ಳೇದು ಅಂತ ನೀವೇ ಹೇಳಿದ್ದಲ್ವಾ? ಕನ್ನಡ ಸಂಘದಲ್ಲಿ?”

ನೆನಪಾಯಿತು. ಹಿಂದಿನ ವರ್ಷ ಸಂಘದ ಆರೋಗ್ಯ ಉಪನ್ಯಾಸದಲ್ಲಿ, ಗ್ರೋತ್ ಫ್ಯಾಕ್ಟರ್ ಗಾಯ ಮಾಯಿಸುವ ಮೇಸ್ತ್ರಿ ಎಂದು ಹೊಗಳಿದ್ದೆ. ಅತಿಯಾದರೆ ಏನಾಗುತ್ತದೆಂದು ಹೇಳುವಷ್ಟರಲ್ಲಿ ಊಟ ಬಿಸಿ ಇದೆ ಎಂದು ಹಿಂದಿನಿಂದ ಸನ್ನೆ ಬಂತು. ಸಭಿಕರು ಕುರ್ಚಿ ಸರಿಸತೊಡಗಿದರು, ನಾನು ಕೈಮುಗಿದು ಕುಳಿತೆ. ಸನ್ನೆ ಮಾಡಿದವರು ಆ ದಿನ ಅಡುಗೆಗೆ ಬಂದಿದ್ದ ಇದೇ ಸದಾಶಿವಣ್ಣ.

ಕೆಡುಕು ಸೀರಮ್ಮಿನದೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ವಾರವಾರವೂ ಚುಚ್ಚಿದರೆ ಗಾಯವಾಗುವುದು ಖಚಿತ, ಪ್ರತಿ ಗಾಯಕ್ಕೂ ದೇಹ ಮತ್ತೆ ಅದೇ ಅಪ್ಪಣೆ ಹೊರಡಿಸುತ್ತದೆ. ಚುಚ್ಚುವುದು ನಿಂತಿತು, ಇಂಜೆಕ್ಷನ್ ಮುಂದುವರಿಯಿತು, ಕೊನೆಗೆ ಒಂದು ಆಪರೇಷನ್ನೂ ಆಯಿತು. ಈಗ ಕೈ ಕಾವಲಿಯ ತುದಿ ಮುಟ್ಟುತ್ತದೆ. ಆದರೂ ಹತ್ತು ಡಿಗ್ರಿ ಬಾಗು ಉಳಿದೇ ಬಿಟ್ಟಿತು. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ರೋಗಿಗಳನ್ನು ಅನುಮಾನಿಸುವುದನ್ನು ನಾನು ಬಿಟ್ಟಿಲ್ಲ. ಆದರೆ ಈಗ ಮೊದಲು ನಾನೇ ಏನು ಹೇಳಿದ್ದೆ ಎಂದು ನೆನೆಸಿಕೊಳ್ಳುತ್ತೇನೆ. ನಿವೃತ್ತನಾದ ವರ್ಷ ಸಂಘದಲ್ಲಿ ಮತ್ತೆ ಮಾತಾಡಿದೆ. ಹೊತ್ತು ಮೀರಿ ಜನ ಊಟದ ಕಡೆ ತಿರುಗಿದರು. ಸದಾಶಿವಣ್ಣ ಪಾತ್ರೆಯ ಮುಚ್ಚಳದ ಮೇಲೆ ಬಲಗೈ ಊರಿ ನಿಂತಿದ್ದರು.

“ಡಾಕ್ಟ್ರು ಮುಗಿಸ್ಲಿ,” ಎಂದರು, “ಮತ್ತೆ ಬಡಿಸುವ.”