ಸಹಿಯ ಮೇಲೆ ಕುಂಕುಮ

ನಾನು ಸುಳ್ಳು ಹೇಳುವವನಲ್ಲ. ಇದ್ದದ್ದನ್ನು ಸ್ವಲ್ಪ ಎಳೆಯುತ್ತೇನೆ, ಅಷ್ಟೇ. ಟೆಕ್ಸಸ್ ರಾಜ್ಯದ ಸೈಪ್ರೆಸ್‌ನ ನಮ್ಮ ಬೀದಿಯಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು. ಅಪ್ಪ ಒಮ್ಮೆ ಬೇರೆಯವರ ಮನೆ ಬಾಗಿಲಿಗೆ ನಮ್ಮ ಕೀಲಿ ಹಾಕಿ ತಿರುಗಿಸಿದ್ದರು. ನಾನು ಶಾಲೆಯಲ್ಲಿ ಹೇಳುವಾಗ ಅದು ಹನ್ನೊಂದು ಸಲ, ಕೊನೆಯ ಸಲ ಒಳಗೆ ಹೋಗಿ ಊಟವನ್ನೂ ಮಾಡಿ ಬಂದರು.

ಪಕ್ಕದ ಮನೆಯ ಮುದುಕರಿಗೆ ನನ್ನ ಈ ಗುಣ ಗೊತ್ತಿರಲಿಲ್ಲ. ಅವರ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಬರೀ ಬೇಸ್‌ಬಾಲ್ ಕಾರ್ಡುಗಳು. ಇಸ್ಪೀಟು ಎಲೆಯಷ್ಟಿರುವ ರಟ್ಟಿನ ತುಂಡು, ಅದರ ಮೇಲೆ ಬ್ಯಾಟು ಹಿಡಿದ ಆಟಗಾರನ ಚಿತ್ರ. ಅವು ಹಳೆಯವಾದಷ್ಟೂ ಜನ ಉಸಿರು ಬಿಗಿಹಿಡಿದು ನೋಡುತ್ತಾರೆ. ಶನಿವಾರ ಬೆಳಿಗ್ಗೆ ಮುದುಕರು ಗ್ಯಾರೇಜಿನ ಬಾಗಿಲು ಎತ್ತಿ ಎರಡು ಕುರ್ಚಿ ಹಾಕುತ್ತಿದ್ದರು. ಒಂದು ಅವರಿಗೆ, ಇನ್ನೊಂದು ನನಗೆ. ನಾನು ಹಿಂದಿನ ದಿನ ನೋಡಿದ ವಿಡಿಯೋಗಳನ್ನು ನನ್ನದೇ ಜ್ಞಾನ ಎಂಬಂತೆ ಒದರುತ್ತಿದ್ದೆ. ಅವರು ನಂಬುತ್ತಿದ್ದರು.

ಅಲ್ಲಿದ್ದ ಸಾವಿರಾರು ಕಾರ್ಡುಗಳಲ್ಲಿ ಅವರು ನಿಜವಾಗಿ ಪ್ರೀತಿಸುತ್ತಿದ್ದುದು ಒಂದನ್ನು. ಅದರ ಮೇಲೆ ಆಟಗಾರನ ಎದೆಗೆ ಅಡ್ಡಲಾಗಿ ನೀಲಿ ಶಾಯಿಯ ಸಹಿ ಇತ್ತು. ಅವರು ಚಿಕ್ಕವರಿದ್ದಾಗ ಅವರ ಅಪ್ಪ ಸ್ಟೇಡಿಯಮ್ಮಿನ ಹೊರಗೆ ಅರ್ಧ ದಿನ ನಿಂತು ಹಾಕಿಸಿಕೊಂಡು ಬಂದದ್ದು. ಆದರೆ ಅವರ ಅಣ್ಣನದು ಅಂದಿನಿಂದ ಇಂದಿನವರೆಗೂ ಒಂದೇ ಮಾತು: ಅಪ್ಪ ಎಲ್ಲಿಗೂ ಹೋಗಿರಲಿಲ್ಲ, ಅಡುಗೆಮನೆ ಟೇಬಲ್ಲಿನ ಮುಂದೆ ಕೂತು ತಾನೇ ಸಹಿ ಹಾಕಿದ. ಪ್ರತಿ ಭಾನುವಾರ ಫೋನಿನಲ್ಲಿ ಇದೇ ಜಗಳ.

"ಅಣ್ಣನಿಗೆ ಈಗ ಎಂಬತ್ತೆಂಟು," ಎಂದರು ಮುದುಕರು ಒಂದು ದಿನ. "ಆಸ್ಪತ್ರೆಯಿಂದ ಬಂದವನು ಮೊದಲು ಕೇಳಿದ್ದೂ ಅದನ್ನೇ. ಅವನು ಹೋಗೋದ್ರೊಳಗೆ ನನಗೆ ಉತ್ತರ ಬೇಕು."

ಡಾಲಸ್‌ನಲ್ಲಿ ಕಾರ್ಡುಗಳ ದೊಡ್ಡ ಮೇಳವಿತ್ತು. ಹಳೆಯ ಸಹಿಗಳನ್ನು ಪರೀಕ್ಷಿಸಿ ಹೇಳುವವರು ಅಲ್ಲಿಗೆ ಬರುತ್ತಿದ್ದರು. ಮೊಣಕಾಲಿನ ಆಪರೇಷನ್ ಆಗಿದ್ದರಿಂದ ಮುದುಕರಿಗೆ ನಾಲ್ಕು ಗಂಟೆ ಕಾರಿನಲ್ಲಿ ಕೂರಲು ಆಗುತ್ತಿರಲಿಲ್ಲ. ನಾನು ಎದೆ ಉಬ್ಬಿಸಿ ಹೇಳಿದೆ: "ನನಗೆ ಬಿಡಿ. ಅಲ್ಲಿ ಎಲ್ಲರೂ ನನಗೆ ಗೊತ್ತು." ಡಾಲಸ್‌ನಲ್ಲಿ ನನಗೆ ಗೊತ್ತಿದ್ದದ್ದು ಒಂದು ದೋಸೆ ಹೋಟೆಲು ಮಾತ್ರ. ಅವರು ಕಾರ್ಡನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ನನ್ನ ಎರಡೂ ಕೈಗೆ ಕೊಟ್ಟರು.

ಮನೆಗೆ ತಂದು ಸುಮ್ಮನೆ ಕಪಾಟಿನಲ್ಲಿ ಇಟ್ಟಿದ್ದರೆ ಈ ಕಥೆಯೇ ಇಲ್ಲ. ಆದರೆ ಧಾರವಾಡದಿಂದ ಬಂದು ನಮ್ಮೊಂದಿಗಿದ್ದ ಅಜ್ಜಿ ಕೇಳಿದಳು, "ಅದೇನೋ ತಮ್ಮಾ, ಅಷ್ಟು ಜ್ವಾಕಿಲೆ ಹಿಡಕೊಂಡೀ?"

ನಾನು ಎಳೆದೆ. ಈ ಮನೆಯಲ್ಲಿ ಇದಕ್ಕಿಂತ ಬೆಲೆಬಾಳುವ ವಸ್ತು ಇಲ್ಲ, ಅಪ್ಪನ ಕಾರು ಇದರ ಮುಂದೆ ತಗಡು, ನನ್ನ ಕಾಲೇಜು, ಕೆಲಸ, ಇಡೀ ಬದುಕು ಇದರಲ್ಲೇ ಇದೆ ಎಂದೆ. ಅಜ್ಜಿ ಎರಡು ಸಲ ತಲೆಯಾಡಿಸಿದಳು. ಅವಳು ಕೇಳಿದ್ದನ್ನು ಮರೆಯುವವಳಲ್ಲ.

ಮೂರನೆಯ ದಿನ ಆಯುಧಪೂಜೆ. ಅಜ್ಜಿಯ ಬಾಯಲ್ಲಿ ಅದು ಖಂಡೇಪೂಜಿ. ನಾನು ಶಾಲೆಯಿಂದ ಬಂದಾಗ ಕಾರಿಗೆ ಹೂವು, ಮಿಕ್ಸರಿಗೆ ಹೂವು, ಅಪ್ಪನ ಆಫೀಸಿನ ಲ್ಯಾಪ್‌ಟಾಪಿಗೆ ಕುಂಕುಮ. ದೇವರ ಮುಂದಿನ ಮಣೆಯ ಮೇಲೆ, ಈಳಿಗೆಗೂ ಸ್ಕ್ರೂಡ್ರೈವರಿಗೂ ನಡುವೆ, ಕುಕ್ಕರಿಗೆ ಆನಿಸಿ ನಿಲ್ಲಿಸಿದ್ದ ಕಾರ್ಡು. ಡಬ್ಬಿ ಇಲ್ಲ. ಆಟಗಾರನ ಹಣೆಯ ಮೇಲೆ ಒದ್ದೆ ಕುಂಕುಮದ ಉದ್ದನೆಯ ನಾಮ. ಅದು ಮೂಗಿನ ಮೇಲಿಂದ ಇಳಿದು, ಗಲ್ಲ ದಾಟಿ, ಸಹಿಯ ಮೇಲೆ ನಿಂತು ಒಣಗಿತ್ತು.

"ಅಜ್ಜಿ," ಎಂದೆ. ಆ ಗಳಿಗೆಯಲ್ಲಿ ನನ್ನ ರಕ್ತವೆಲ್ಲ ಕಾಲಿಗಿಳಿದು ಕಾಲುಚೀಲ ಬಿಗಿಯಾಯಿತು.

"ಗಂಡಸಲ್ಲೇನು, ದುಂಡಗ ಹಚ್ಚಬಾರದು ಅಂತ ಉದ್ದಕ ಹಚ್ಚೀನಿ," ಎಂದಳು ಸಂತೋಷದಿಂದ.

"ಡಬ್ಬಿಯಿಂದ ಯಾಕೆ ತೆಗೆದೆ?"

"ಪ್ಲಾಸ್ಟಿಕ್ಕಿನ ಮ್ಯಾಲೆ ಹಚ್ಚಿದ್ರ ಪೂಜಿ ಒಳಗ ಮುಟ್ಟತದೇನು? ನಿನ್ನ ಬದುಕೆಲ್ಲ ಅದರಾಗ ಐತಿ ಅಂದೀ."

ಹಾಗೆಂದದ್ದು ನಾನೇ. ಅವಳನ್ನು ಬಯ್ಯಲು ಒಂದು ಅಕ್ಷರದ ಹಕ್ಕೂ ನನಗೆ ಉಳಿದಿರಲಿಲ್ಲ.

ಮೇಳಕ್ಕೆ ಇನ್ನೂ ಒಂದು ವಾರವಿತ್ತು. ಮುದುಕರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅವರು ಬೇಲಿಯಾಚೆ ಕೆಮ್ಮಿದರೆ ನಾನು ಬಚ್ಚಲಿಗೆ ಓಡುತ್ತಿದ್ದೆ. ಆ ವಾರ ನನ್ನಷ್ಟು ಸ್ವಚ್ಛವಾದ ಹುಡುಗ ಟೆಕ್ಸಸ್‌ನಲ್ಲೇ ಇರಲಿಲ್ಲ.

ನಡುವೆ ಬಂದ ಭಾನುವಾರ ಅಪ್ಪನ ಗೆಳೆಯರ ಮನೆಯಲ್ಲಿ ದಸರಾ ಊಟವೆಂದು ನಾವೆಲ್ಲ ಆಸ್ಟಿನ್ ಪಕ್ಕದ ರೌಂಡ್ ರಾಕ್‌ಗೆ ಹೋದೆವು. ಅಲ್ಲಿಗೆ ಆಸ್ಟಿನ್‌ನಲ್ಲಿ ಕೆಮಿಸ್ಟ್ರಿ ಓದುತ್ತಿದ್ದ ಮೈಸೂರಿನ ಅಣ್ಣನೊಬ್ಬ ಊಟಕ್ಕೆ ಬಂದಿದ್ದ. ಅವನು ಮೂರನೆಯ ಸಲ ಬಿಸಿಬೇಳೆಬಾತು ಹಾಕಿಸಿಕೊಂಡಾಗ ಅವನನ್ನು ತಟ್ಟೆ ಸಮೇತ ಬಟ್ಟೆ ಒಗೆಯುವ ಕೋಣೆಗೆ ಎಳೆದುಕೊಂಡು ಹೋದೆ.

ನಾನು ಚೀಲದಿಂದ ತೆಗೆದುಕೊಟ್ಟ ಕಾರ್ಡನ್ನು ಅವನು ಬೆಳಕಿಗೆ ಹಿಡಿದು ನೋಡಿದ. "ಕುಂಕುಮ ಹಚ್ಚಿದ್ದು ಯಾರು ಗುರು?"

"ಅಜ್ಜಿ."

"ಕೈ ಸ್ಟ್ರಾಂಗಿದೆ." ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ. "ನೋಡು, ಬಣ್ಣ ರಟ್ಟಿನೊಳಗೇ ಇಳಿದುಬಿಟ್ಟಿದೆ. ಇದನ್ನ ತೆಗೆಯೋಕೆ ಏನೇ ಹಾಕಿದ್ರೂ ಆ ನೀಲಿ ಶಾಯಿನೂ ಜೊತೆಗೇ ಹೋಗುತ್ತೆ. ಮುಟ್ಟಬೇಡ."

"ಬೇರೆ ಏನಾದ್ರೂ ದಾರಿ?"

"ಇದೆ. ಯಾರದೋ ಅವರಿಗೆ ಹೋಗಿ ಹೇಳೋದು."

ಇಷ್ಟು ಓದಿದವನು ಇದಕ್ಕಿಂತ ಒಳ್ಳೆಯ ದಾರಿ ಹೇಳುತ್ತಾನೆಂದುಕೊಂಡಿದ್ದೆ.

ಆದರೂ ಅಪ್ಪನ ಕಾರಿನಲ್ಲಿ ಡಾಲಸ್‌ಗೆ ಹೋದೆ. ಸಹಿ ಅಸಲಿ ಎಂದು ಯಾರಾದರೂ ಹೇಳಿಬಿಟ್ಟರೆ ಕಲೆಯನ್ನು ಮುದುಕರು ಕ್ಷಮಿಸಿಯಾರು ಎಂಬುದೊಂದೇ ಆಸೆ. ಮೇಳದ ಹಾಲ್‌ನಲ್ಲಿ ಸಾಲುಸಾಲು ಟೇಬಲ್ಲುಗಳು. ಸಹಿ ನೋಡುವ ಹೆಂಗಸು ಭೂತಗನ್ನಡಿ ಹಿಡಿದು ಬಗ್ಗಿದವರು ಬಹಳ ಹೊತ್ತು ಏಳಲಿಲ್ಲ. ನಾನು ನನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಗೊತ್ತಿಲ್ಲದ ಇಬ್ಬರನ್ನೂ ಸೇರಿಸಿಕೊಂಡೆ.

"ಇದು ರಕ್ತಾನಾ?" ಎಂದು ಕೇಳಿದರು.

"ಪೂಜೆ," ಎಂದೆ.

ಅವರು ಭೂತಗನ್ನಡಿ ಕೆಳಗಿಟ್ಟರು. "ನಾನು ನೋಡಬೇಕಾದ ಎರಡು ಅಕ್ಷರಗಳ ಮೇಲೇ ಕಲೆ ಇದೆ. ಆ ಆಟಗಾರನದು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲ. ಇದು ಹೀಗಾಗೋದಕ್ಕೆ ಮುಂಚೆ ತಂದಿದ್ರೆ ಹೇಳ್ತಿದ್ದೆ."

ವಾಪಸು ಬರುವಾಗ ಅಪ್ಪ, "ಅವರಿಗೆ ಏನಂತ ಹೇಳಾಂವ ನೀ?" ಎಂದರು.

ನಾನು ಅದಾಗಲೇ ಸಿದ್ಧಮಾಡಿಕೊಂಡಿದ್ದೆ. ಅಸಲಿ ಎಂದರು, ಡಾಲಸ್‌ನ ಎಲ್ಲ ಪಂಡಿತರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಆ ಗಡಿಬಿಡಿಯಲ್ಲಿ ಯಾರದೋ ಕೈಯಿಂದ ಕೆಂಪು ಬಣ್ಣ ಬಿತ್ತು. ನನ್ನ ಜೀವನದ ಅತ್ಯುತ್ತಮ ಕಥೆ. ಮುದುಕರು ಅದನ್ನು ನಂಬುತ್ತಾರೆ. ಭಾನುವಾರ ಅಣ್ಣನಿಗೆ ಫೋನು ಮಾಡಿ ಹೇಳುತ್ತಾರೆ. ಆ ಅಣ್ಣ ಸಾಯುವಾಗ ತನ್ನ ಅಪ್ಪನ ಬಗ್ಗೆ ನಂಬುವುದು ನಾನು ಹೆದ್ದಾರಿಯಲ್ಲಿ ಹೆಣೆದ ಕಥೆಯನ್ನು. ಅಪ್ಪನಿಗೆ ಎರಡು ಸಲ ಕಾರು ನಿಲ್ಲಿಸಲು ಹೇಳಿ ಕೆಳಗಿಳಿದು ನಿಂತೆ. ಎರಡೇ ಸಲ, ಇದನ್ನು ಎಳೆಯುತ್ತಿಲ್ಲ.

ಮುದುಕರು ಗ್ಯಾರೇಜಿನಲ್ಲಿ ಕಾಯುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಬಡಾಯಿ, ಪೂಜೆ, ಕುಂಕುಮ, ಹೇಳದೆ ಉಳಿದ ವಾರ, ಮೇಳದ ಹೆಂಗಸು ಹೇಳಿದ್ದು. ಹಿಂದೆಂದೂ ಯಾವ ಕಥೆಯನ್ನೂ ಇಷ್ಟು ಬೇಗ ಮುಗಿಸಿರಲಿಲ್ಲ.

"ಅಳಿಸೋಕೆ ಆಗುತ್ತಾ?"

"ಇಲ್ಲ."

ಅವರು ಕಾರ್ಡು ತೆಗೆದುಕೊಂಡರು. ಗುಂಡಿ ಒತ್ತಿದರು. ಬಾಗಿಲು ನನ್ನ ಮುಂದೆಯೇ ನಿಧಾನವಾಗಿ ಇಳಿಯಿತು.

ಎರಡು ಶನಿವಾರ ಅದು ಏಳಲಿಲ್ಲ. ನಾನು ನಮ್ಮ ಹುಲ್ಲಿಗೆ ನೀರು ಹಾಕುವ ನೆಪದಲ್ಲಿ ಹೊರಗೇ ನಿಂತಿರುತ್ತಿದ್ದೆ. ಹುಲ್ಲು ಕೊಳೆಯತೊಡಗಿತು. ಮೂರನೆಯ ಶನಿವಾರ ಬಾಗಿಲು ಗೊರಗುಟ್ಟಿತು. ಮೊದಲು ಚಪ್ಪಲಿ ಕಂಡಿತು, ಆಮೇಲೆ ಕುರ್ಚಿಯ ನಾಲ್ಕು ಕಾಲು, ಅದರ ಪಕ್ಕ ಇನ್ನೂ ನಾಲ್ಕು. ನಾನು ಪೈಪು ಬಿಸಾಡಿ ಓಡಿದೆ.

"ಅದು ನಿನಗಲ್ಲ," ಎಂದರು. "ನಿನ್ನ ಅಜ್ಜಿಯನ್ನ ಕರೆದುಕೊಂಡು ಬಾ."

ಅಜ್ಜಿ ಸೀರೆಯ ಸೆರಗು ಸರಿಮಾಡಿಕೊಂಡು ಬಂದು ನನ್ನ ಕುರ್ಚಿಯಲ್ಲಿ ಕೂತಳು. ಮುದುಕರು ಕಾರ್ಡನ್ನು ಇಬ್ಬರ ನಡುವೆ ಇಟ್ಟರು. ನಾನು ದುಭಾಷಿಯಾಗಿ ಪಕ್ಕದಲ್ಲಿ ನಿಂತೆ.

"ಅವರನ್ನ ಒಂದು ಕೇಳು," ಎಂದರು ಮುದುಕರು. "ಈ ಸಹಿ ನಮ್ಮಪ್ಪನೇ ಹಾಕಿದ್ದು ಅಂತ ಗೊತ್ತಿದ್ರೂ ಹಚ್ಚುತ್ತಿದ್ರಾ?"

ಕೇಳಿದೆ. ಅಜ್ಜಿ ಕಾರ್ಡನ್ನು ನೋಡಿದಳು, ಅವರನ್ನು ನೋಡಿದಳು.

"ಅಪ್ಪಾ ಮಗನ ಸಲುವಾಗಿ ಕೂತು ಬರದಿದ್ರ," ಎಂದಳು, "ಇನ್ನೂ ದೊಡ್ಡದು ಹಚ್ಚತಿದ್ದೆರಿ."

ಒಂದು ಪದವನ್ನೂ ಸೇರಿಸದೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮುದುಕರು ಜೇಬಿನಿಂದ ಫೋನು ತೆಗೆದು ಅಣ್ಣನ ನಂಬರು ಒತ್ತಿದರು. ಅಂದು ಭಾನುವಾರವಾಗಿರಲಿಲ್ಲ. ಅತ್ತ ಕಡೆ ಗಂಟೆ ಹೊಡೆಯುತ್ತಿರುವಾಗ ನನ್ನ ಕಡೆ ತಿರುಗಿ, "ಅವನಿಗೂ ನೀನೇ ಹೇಳು, ಅವರು ಅಂದ ಹಾಗೇ," ಎಂದರು.

ಕೂತುಕೋ ಎಂದು ಮಾತ್ರ ಹೇಳಲಿಲ್ಲ.