ಗಾಳಿಗೆ ಬಿಟ್ಟ ಸಂದು

ಓಯ್, ಆಚೆ ಬದಿ ನಡ್ಕೊಂಡು ಹೋಗ್ತಿರೋರೇ, ಸ್ವಲ್ಪ ಈ ಕಡೆ ತಿರುಗ್ರಪ್ಪ. ನಿಮ್ಮನ್ನೇ ಕರೆದಿದ್ದು. ಬಸ್ಸಿಗೆ ಕಾಯ್ತಾ ನಿಂತಿರೋರು, ಪಾತ್ರೆ ತೊಳೀತಾ ಫೋನನ್ನ ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿರೋರು, ಎಲ್ಲರೂ ಹತ್ತಿರ ಬನ್ನಿ. ಇವತ್ತು ನಮ್ಮ ಚಿಕ್ಕಮ್ಮನ ಸುದ್ದಿ. ನಡುವೆ ಹಾರ್ನ್ ಸದ್ದು ಬಂದ್ರೆ ಸಹಿಸ್ಕೊಳ್ಳಿ, ನಮ್ಮನೆ ಕಿಟಕಿ ರಸ್ತೆಗೇ ಅಂಟ್ಕೊಂಡಿದೆ.

ಚಿಕ್ಕಮ್ಮ ಹಾರ್ಮೋನಿಯಂ ರಿಪೇರಿ ಮಾಡುವವಳು. ನಮ್ಮ ಮನೆಯ ಹಿಂದಿನ ಕೋಣೆಯೇ ಅವಳ ಅಂಗಡಿ. ಗೋಡೆಯುದ್ದಕ್ಕೂ ಬಾಯಿ ತೆರೆದು ಕೂತ ಪೆಟ್ಟಿಗೆಗಳು, ಮೊಳೆಗೆ ನೇತುಹಾಕಿದ, ಗಾಳಿ ಊದುವ ತಿದಿಗಳು, ಹಳೆಯ ಬಿಸ್ಕತ್ತಿನ ಡಬ್ಬಿಗಳ ತುಂಬ ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳು. ಬೆಳಗಿನಿಂದ ಸಂಜೆಯವರೆಗೆ ಆ ಕೋಣೆಯಿಂದ ಒಂದೇ ಸ್ವರ ಎಳೆದುಕೊಂಡು ಬರುತ್ತಿರುತ್ತದೆ. ಅದಕ್ಕೇ ಬೀದಿಯವರೆಲ್ಲ ಅವಳನ್ನು ಪೀಪಿ ಅನ್ನುತ್ತಾರೆ. ಎದುರಿನ ಇಸ್ತ್ರಿ ಅಂಗಡಿಯವನು ದಿನಾ ಕೇಳುತ್ತಾನೆ:

"ಪೀಪಿಯಕ್ಕಾ, ಹಾಡು ಯಾವಾಗ ಶುರು ಆಗೋದು?"

"ಹಾಡು ಬೇರೆಯವರದ್ದು ಕಣಪ್ಪ. ನಂದು ಬರೀ ಉಸಿರು."

ಅವಳ ಕೆಲಸ ನೋಡಲು ಏನೂ ಇಲ್ಲ, ಕೇಳಬೇಕು. ಪೆಟ್ಟಿಗೆಯೊಳಗೆ ಒಂದೊಂದು ಸ್ವರಕ್ಕೂ ಎರಡೆರಡು ರೀಡು ಇರುತ್ತವೆ. ಎರಡೂ ಒಂದೇ ಆಗಿದ್ದರೆ ಸ್ವರ ನೇರವಾಗಿ ಬರುತ್ತದೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಅದರೊಳಗೆ ಅಲೆ ಏಳುತ್ತದೆ. ಚಿಕ್ಕಮ್ಮ ಅರದಿಂದ ರೀಡಿನ ತುದಿಯನ್ನು ಒಂದಿಷ್ಟೇ ಇಷ್ಟು ಸವರುತ್ತಾಳೆ, ತಿದಿ ಒತ್ತುತ್ತಾಳೆ, ಅರ್ಧ ಕಣ್ಣು ಮುಚ್ಚುತ್ತಾಳೆ. ಅಲೆ ನಿಧಾನವಾಗುತ್ತದೆ. ಇನ್ನೊಮ್ಮೆ ಸವರಿದರೆ ಇನ್ನೂ ನಿಧಾನ, ನಿದ್ದೆ ಹತ್ತುತ್ತಿರುವವರ ಉಸಿರಿನ ಹಾಗೆ. ಆಮೇಲೆ ಒಂದು ಗಳಿಗೆಯಲ್ಲಿ ನಿಂತುಬಿಡುತ್ತದೆ. ಕೋಣೆಗೆ ಕೋಣೆಯೇ ನೀರಿನ ಹಾಗೆ ಸಮವಾಗುತ್ತದೆ. ಆಗ ಅವಳ ಮುಖ ನೋಡಬೇಕು, ಎಲ್ಲೋ ಹೋಗಿ ಬಂದವಳ ಮುಖ.

ಅವಳ ಪ್ರಕಾರ ಜಗತ್ತಿನಲ್ಲಿ ಇರುವುದು ಒಂದೇ ಪಾಪ, ಗಾಳಿ ಸೋರುವುದು. ತಿದಿಯ ಮಡಿಕೆಗಳ ಹತ್ತಿರ ಕೆನ್ನೆ ತಂದು ಸೋರುವ ಜಾಗ ಹಿಡಿದು, ಗೋಂದು ಕಾಯಿಸಿ, ಮೆತ್ತನೆಯ ತೊಗಲಿನ ಪಟ್ಟಿ ಅಂಟಿಸಿದರೇ ಅವಳಿಗೆ ಸಮಾಧಾನ. ಈ ಚಟ ಮನೆಗೂ ಹಬ್ಬಿದೆ. ಬಾಗಿಲ ಕೆಳಗೆ, ಕಿಟಕಿಯ ಅಂಚಿಗೆ, ಅಮ್ಮನ ಬೀರುವಿಗೆ, ಎಲ್ಲದಕ್ಕೂ ತೊಗಲು. ನಮ್ಮ ಮನೆಗೆ ಸೊಳ್ಳೆ ಬರಬೇಕಾದರೂ ಅಪ್ಪಣೆ ಕೇಳಬೇಕು.

ಇನ್ನು ಅವಳ ಬೈಕು. ಮುಂದುಗಡೆ ಒಂದು ದುಂಡು ಹೆಡ್‌ಲೈಟು, ಮೇಲೊಂದು ಮೀಟರು, ಮುಗಿಯಿತು. ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲದ ಬೋಳು ಬೈಕು. ದೂರದೂರದ ಸಂಗೀತ ಶಾಲೆಗಳಿಗೆ, ಒಬ್ಬಂಟಿ ಹಾಡುಗಾರರ ಮನೆಗಳಿಗೆ ಅವಳು ಅದರ ಮೇಲೇ ಹೋಗುವುದು. ಬಸ್ಸಿನಲ್ಲಿ ಹತ್ತಿ ಇಳಿಯುವಷ್ಟರಲ್ಲಿ ರೀಡಿನ ಪೆಟ್ಟಿಗೆಗೆ ಏಟು ಬೀಳುತ್ತದೆ ಅನ್ನುವುದು ಹೊರಗಿನ ಕಾರಣ. ಒಳಗಿನದ್ದನ್ನು ಒಮ್ಮೆ ಮಾತ್ರ ಹೇಳಿದ್ದಳು: "ಆ ಸೀಟಿನ ಮೇಲೆ ಕೂತಾಗ ನಾನು ಯಾರ ತಂಗೀನೂ ಅಲ್ಲ, ಯಾರ ಚಿಕ್ಕಮ್ಮನೂ ಅಲ್ಲ. ಹೋಗ್ತಾ ಇರೋಳು ಅಷ್ಟೆ."

ಕಷ್ಟ ಶುರುವಾಗಿದ್ದು ಕಿವಿಯಿಂದ. ದೂರದ ದಾರಿ ಮುಗಿಸಿ ಇಳಿದರೆ ಕಿವಿಯೊಳಗೆ ಗುಂಯ್ ಅನ್ನುವ ಸದ್ದು, ಸಂಜೆಯಾದರೂ ಬಿಡದು. ಕಳೆದ ಸಲ ಬಯಲಾಚೆಯ ಊರಿನ ಸಂಗೀತ ಶಾಲೆಗೆ ಹೋದವಳು ಆ ಗುಂಯ್ ಇಟ್ಟುಕೊಂಡೇ ಅಲ್ಲಿನ ದೊಡ್ಡ ಹಾರ್ಮೋನಿಯಂ ಸರಿಮಾಡಿ ಬಂದಳು. ಮಾರನೆಯ ದಿನ ಹಾಡಿನ ಮೇಷ್ಟ್ರ ಫೋನು.

"ತಾಯೀ, ಬೇಜಾರು ಮಾಡ್ಕೋಬೇಡಿ. ಮೇಲಿನ ಸ್ವರಗಳೆಲ್ಲ ಏರಿ ಕೂತಿವೆ. ಮಕ್ಕಳು ಕಿರುಚ್ಕೊಂಡು ಅದರ ಹಿಂದೆ ಓಡ್ತಿದ್ದಾರೆ."

ಫೋನಿಟ್ಟ ಚಿಕ್ಕಮ್ಮ ಆ ದಿನ ಊಟಕ್ಕೆ ಏಳಲಿಲ್ಲ.

ಕಿವಿ ಡಾಕ್ಟರು ನೋಡಿ, ಇದು ಹೆಲ್ಮೆಟ್ಟಿನೊಳಗೆ ಮೊರೆಯುವ ಗಾಳಿಯ ಕೆಲಸ ಅಂದರು. ಹೀಗೇ ಹೋದರೆ ತೆಳು ಸ್ವರಗಳು ಮೊದಲು ಹೋಗುತ್ತವೆ, ಹೋದವು ತಿರುಗಿ ಬರುವುದಿಲ್ಲ. ಕಿವಿಗೆ ಬಿರಡೆ ಇಟ್ಟುಕೊಂಡು ನೋಡಿದಳು, ಎಂಜಿನ್ನಿನ ಸದ್ದು ಕೇಳದೆ ಮೊದಲ ತಿರುವಿನಲ್ಲೇ ಬೆವರಿದಳು.

ಅಮ್ಮ ಸುತ್ತಿಬಳಸಿ ಮಾತಾಡುವವಳಲ್ಲ. "ಮಾರಿಬಿಡು ಅದನ್ನ. ನಿಂಗೆ ಅನ್ನ ಹಾಕೋದು ಕಿವಿ, ಗಾಡಿ ಅಲ್ಲ."

"ಒಂದೇ ಒಂದು ಸಲ ನೋಡ್ತೀನಕ್ಕಾ. ಮುಂದುಗಡೆ ಗಾಳಿತಡೆ ಹಾಕಿಸ್ತೀನಿ. ಮೇಷ್ಟ್ರ ಶಾಲೆಗೆ ಹೋಗಿ ಕೆಟ್ಟಿದ್ದನ್ನ ಸರಿಮಾಡ್ಬೇಕು. ಈ ಸಲಾನೂ ಗುಂಯ್ ನಿಲ್ಲಲಿಲ್ಲ ಅಂದ್ರೆ ಕೊಟ್ಟುಬಿಡ್ತೀನಿ."

"ಅಲ್ಲಿಂದ ಸುಳ್ಳು ಹೇಳಿದ್ರೆ?"

"ನಾನು ಸುಳ್ಳು ಹೇಳ್ಬಹುದು, ರೀಡು ಹೇಳುತ್ತಾ?"

ಮೂಲೆಯ ಗ್ಯಾರೇಜಿನವನನ್ನು ಎಲ್ಲರೂ ಸ್ಪ್ಯಾನರ್ ಅಂತ ಕರೆಯುತ್ತೇವೆ, ಅಷ್ಟು ಸಪೂರ ಮನುಷ್ಯ. ಅವನು ಎಲ್ಲಿಂದಲೋ ಗಾಜಿನಷ್ಟು ತಿಳಿಯಾದ ಒಂದು ಪ್ಲಾಸ್ಟಿಕ್ ವಿಂಡ್‌ಶೀಲ್ಡ್ ತರಿಸಿ, ಹ್ಯಾಂಡಲ್ಲಿಗೆ ಕ್ಲಾಂಪು ಬಿಗಿದು ಕೂರಿಸಿದ. ಎದೆಯಿಂದ ಗಲ್ಲದವರೆಗೆ ಬರುವ ಎತ್ತರ. ಹೆಡ್‌ಲೈಟಿಗೂ ಅದರ ಕೆಳಗಿನ ಅಂಚಿಗೂ ನಡುವೆ ಎರಡು ಬೆರಳಿನ ಸಂದು. ಚಿಕ್ಕಮ್ಮನ ಕಣ್ಣು ನೇರ ಅಲ್ಲಿಗೇ ಹೋಯಿತು.

"ಇದೇನಪ್ಪಾ, ಇಲ್ಲಿ ಬಾಯಿ ಬಿಟ್ಕೊಂಡಿದೆ?"

"ಅದು ಇರೋದೇ ಹಾಗಕ್ಕಾ."

"ಹಾಗೆ ಅಂದ್ರೆ?"

"ಮಾಡಿದವರು ಬಿಟ್ಟಿದ್ದಾರೆ. ಏನೋ ಲೆಕ್ಕ ಇರುತ್ತೆ. ಇಲ್ಲಾಂದ್ರೆ ಪ್ಲಾಸ್ಟಿಕ್ ಉಳಿಸಿರ್ತಾರೆ."

ಪ್ಲಾಸ್ಟಿಕ್ ಉಳಿಸಿರುವುದೇ ಸರಿ ಅಂತ ಚಿಕ್ಕಮ್ಮ ತೀರ್ಮಾನಿಸಿದಳು. ಆ ಸಂಜೆ ಅಂಗಳದಲ್ಲಿ ಬೈಕು ನಿಲ್ಲಿಸಿ, ಗೋಂದು ಕಾಯಿಸಿ, ಇದ್ದುದರಲ್ಲೇ ಮೆತ್ತನೆಯ ತೊಗಲು ಕತ್ತರಿಸಿ, ಆ ಸಂದನ್ನು ಈ ತುದಿಯಿಂದ ಆ ತುದಿಯವರೆಗೆ ಮುಚ್ಚಿದಳು. ಕೆನ್ನೆ ಹಚ್ಚಿ ನೋಡಿದಳು, ಒಂದು ಎಳೆ ಗಾಳಿಯೂ ಸುಳಿಯಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು, "ಏನೇ, ಅದಕ್ಕೂ ತಿದಿ ಕಟ್ಟಿದ್ಯಾ? ಇನ್ನು ಪೆಟ್ರೋಲ್ ಬೇಡ, ಒತ್ತಿದ್ರೆ ಸಾಕು."

ಬೆಳಕು ಹರಿಯುವ ಹೊತ್ತಿಗೆ ಹೊರಟಳು. ಮುಂದಿನದೆಲ್ಲ ಅವಳು ನನಗೆ ಹೇಳಿದ್ದು, ಹೇಳುವಾಗಲೂ ಅರ್ಧ ಕಣ್ಣು ಮುಚ್ಚಿಯೇ ಇದ್ದಳು.

ಊರು ದಾಟಿದ ಮೇಲೆ ಬಯಲು. ಮರವಿಲ್ಲ, ಮನೆಯಿಲ್ಲ, ಕಣ್ಣು ಹೋಗುವವರೆಗೂ ಒಣಹುಲ್ಲು. ಅದರ ಮೇಲೆ ಮೋಡದ ನೆರಳುಗಳು ದನಗಳ ಹಾಗೆ ಮೇಯುತ್ತಾ ಹೋಗುತ್ತಿದ್ದವು. ಎದುರಿನ ತಿಳಿ ಹಾಳೆಯಲ್ಲಿ ಅವಳ ಮುಖವೇ ಮಸುಕಾಗಿ ಮೂಡಿತ್ತು, ಅದರೊಳಗಿಂದ ರಸ್ತೆ ಹರಿದುಬರುತ್ತಿತ್ತು. ತನ್ನ ಹಣೆಯೊಳಗಿಂದ ತಾನೇ ಹಾದುಹೋಗುತ್ತಿರುವಂತೆ ಅನ್ನಿಸಿತಂತೆ. ಎದೆಗೆ ಬಡಿಯುತ್ತಿದ್ದ ಗಾಳಿ ಈಗ ಇರಲಿಲ್ಲ. ತೋಳು ಹಗುರ, ಬೆನ್ನು ಹಗುರ.

ತಲೆ ಮಾತ್ರ ಹಗುರವಾಗಲಿಲ್ಲ. ವೇಗ ಏರಿದಂತೆ ಹೆಲ್ಮೆಟ್ಟು ಗಡಗಡ ಅಲುಗತೊಡಗಿತು. ಮೊದಲು ಬರೀ ಮೊರೆತವಿತ್ತು, ಈಗ ಯಾರೋ ಎರಡೂ ಕಿವಿಯ ಹತ್ತಿರ ಕಂಬಳಿ ಕೊಡವುತ್ತಿರುವ ಹಾಗೆ ಬಡಿತ. ಬಗ್ಗಿ ನೋಡಿದಳು, ಮೈ ಎತ್ತಿ ನೋಡಿದಳು. ಬಯಲಿನ ಅಂಚಿನ ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಗುಂಯ್ ಆಗಲೇ ಬಂದು ಒಳಗೆ ಕೂತಿತ್ತು. ನಳಿಕೆ ಹಿಡಿದ ಹುಡುಗಿ ಏನೋ ಕೇಳಿದಳು, ಚಿಕ್ಕಮ್ಮ ಎರಡು ಸಲ "ಏನು?" ಅಂದಳು. ಆಮೇಲೆ ಟ್ಯಾಂಕಿನ ಮೇಲೆ ಕೈಯಾಡಿಸಿ, ಇದನ್ನು ಯಾರಿಗೆ ಕೊಡುವುದು ಅಂತ ಯೋಚಿಸುತ್ತಲೇ ಹತ್ತಿ ಕೂತಳು. ಒದ್ದು ಸ್ಟಾರ್ಟ್ ಮಾಡುವವರಿಗೆ ಬೇಡ, ತೊಳೆಯದೆ ಬಿಡುವವರಿಗೆ ಬೇಡ. ಹಾಗೆ ನೋಡಿದರೆ ಯಾರಿಗೂ ಕೊಡುವಂತಿರಲಿಲ್ಲ.

ಬಿಸಿಲು ಏರಿತು. ಎಲ್ಲಿಂದ ಶುರುವಾಯಿತೋ ಗೊತ್ತಾಗಲಿಲ್ಲ, ಎಡಗಿವಿ ಸುಮ್ಮನಾಯಿತು. ಬಲಗಡೆ ಕಂಬಳಿ ಕೊಡವುತ್ತಲೇ ಇದೆ, ಎಡಗಡೆ ಏನೂ ಇಲ್ಲ.

ಹೋಯಿತು, ಎಡಗಿವಿ ಹೋಯಿತು ಅಂದುಕೊಂಡಳು. ಗಾಡಿ ಪಕ್ಕಕ್ಕೆ ಹಾಕಿ ಹೆಲ್ಮೆಟ್ ಕಿತ್ತು, ಎಡಗಿವಿಯ ಪಕ್ಕ ಚಿಟಿಕೆ ಹೊಡೆದಳು. ಕೇಳಿಸಿತು. ಹುಲ್ಲಿನ ಸರಸರವೂ ಕೇಳಿಸಿತು. ಮತ್ತೆ ಹತ್ತಿ ಹೊರಟಳು, ಮತ್ತೆ ಬಲಕ್ಕೆ ಬಡಿತ, ಎಡಕ್ಕೆ ಮೌನ. ಎರಡು ಕಿವಿಗಳನ್ನು ಎರಡು ರೀಡುಗಳ ಹಾಗೆ ಒಂದರ ಪಕ್ಕ ಒಂದಿಟ್ಟು ಕೇಳುತ್ತಾ ಸ್ವಲ್ಪ ದೂರ ಹೋದಳು. ಆಗ ಕಣ್ಣಿಗೆ ಬಿತ್ತು: ಬಿಸಿಲಿಗೆ ಗೋಂದು ಕರಗಿ, ತೊಗಲು ಎಡಗಡೆಯಿಂದ ಬಿಟ್ಟುಕೊಂಡು ನಾಲಿಗೆಯ ಹಾಗೆ ಅಲ್ಲಾಡುತ್ತಿತ್ತು.

ಮತ್ತೆ ನಿಲ್ಲಿಸಿದಳು. ಕೈ ತಾನೇ ತಾನಾಗಿ ಚೀಲದೊಳಗೆ ಹೋಗಿ ಗೋಂದಿನ ಡಬ್ಬಿ ತೆಗೆಯಿತು, ಮುಚ್ಚಳವನ್ನೂ ಬಿಚ್ಚಿತು. ಅಲ್ಲಿಗೆ ಕೈ ನಿಂತಿತು. ರಸ್ತೆಯ ಅಂಚಿನಲ್ಲಿ ಕೂತಳು. ಸೋರುತ್ತಿರುವುದು ಎಡಗಡೆ. ಸುಮ್ಮನಿರುವುದೂ ಎಡಗಡೆಯೇ. ಈ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಅಂಗಡಿಯಿಂದ ಆಚೆಗೆ ಕಳಿಸುತ್ತಿದ್ದೆ ಅಂದಳು ನನಗೆ. ಹುಲ್ಲು ಬಾಗುತ್ತಿತ್ತು, ಏಳುತ್ತಿತ್ತು. ಒಂದು ನೆರಳು ಬಂದು ಅವಳನ್ನೂ ಬೈಕನ್ನೂ ಮುಚ್ಚಿ, ದಾಟಿಹೋಯಿತು. ಕೊನೆಗೆ ಡಬ್ಬಿಯ ಮುಚ್ಚಳ ಹಾಕಿ, ಎದ್ದು, ಉಳಿದರ್ಧ ತೊಗಲನ್ನು ತಾನೇ ಕಿತ್ತಳು. ಅವಸರ ಮಾಡಲಿಲ್ಲ. ತಾನು ಅಂಟಿಸಿದ ತೊಗಲನ್ನು ಅವಳು ತಾನೇ ಕಿತ್ತದ್ದು ಅದೇ ಮೊದಲು.

"ಆ ಗಾಳಿತಡೆ ಹಿಂದೆ ಒಂದು ಹಳ್ಳ ಇತ್ತು ಕಣೇ, ಗಾಳಿಯ ಹಳ್ಳ," ಅಂತ ನನಗೆ ಬಿಡಿಸಿ ಹೇಳಿದಳು. "ಮೇಲಿಂದ ಹಾರಿ ಬರೋ ಗಾಳಿ ಅದರೊಳಗೆ ಬಿದ್ದು ಒದ್ದಾಡ್ತಿತ್ತು, ನನ್ನ ತಲೆ ಸುತ್ತಾನೇ. ಕೆಳಗಿಂದ ಸ್ವಲ್ಪ ಒಳಗೆ ಬಿಟ್ಟೆ ನೋಡು, ಹಳ್ಳ ತುಂಬ್ತು. ಆಮೇಲೆ ಮೇಲಿನ ಗಾಳಿ ಅದರ ಪಾಡಿಗೆ ಅದು ಹೋಯ್ತು."

ಆಮೇಲಿನ ದಾರಿಯನ್ನು ಅವಳು ಹೇಳುವಾಗ ದಾರಿಯ ಹಾಗೇ ಕೇಳಿಸಲಿಲ್ಲ. ಗಾಳಿ ಎರಡೂ ಪಕ್ಕದಲ್ಲಿ ಹೊಳೆಯಂತೆ ಹರಿಯುತ್ತಿತ್ತಂತೆ, ನಡುವೆ ಅವಳೊಬ್ಬಳಿಗೆ ಅಂತ ಒಂದು ಒಣಗಿದ ಜಾಗ. ಕೆಳಗಿನ ಸಂದಿನಿಂದ ಬಂದ ತಂಪು ಹೊಟ್ಟೆಯ ಹತ್ತಿರ ಸುಳಿದು, ಕತ್ತು ಸವರಿ ಹೋಗುತ್ತಿತ್ತು. ಎಂಜಿನ್ನು ದೂರದ ಕೋಣೆಯಲ್ಲಿ ಯಾರೋ ಹೊಲಿಗೆ ಯಂತ್ರ ತುಳಿಯುತ್ತಿರುವಷ್ಟು ಮೆಲ್ಲಗೆ ಕೇಳುತ್ತಿತ್ತು. ಇನ್ನೂ ಏನೋ ಒಂದು ಸದ್ದು ಇದೆಯಲ್ಲ ಅಂತ ಕಿವಿಗೊಟ್ಟರೆ, ಅವಳೇ ಗುನುಗುತ್ತಿದ್ದಳು. ಇಷ್ಟು ವರ್ಷ ಆ ವೇಗದಲ್ಲಿ ಹಾಡಿಕೊಂಡೇ ಹೋಗಿದ್ದಾಳೇನೋ, ಕೇಳಿಸಿದ್ದು ಇದೇ ಮೊದಲು. ರಸ್ತೆ ಏರಿತು, ಇಳಿಯಿತು. ಒಂದು ಹಕ್ಕಿ ಅವಳ ಸಮಕ್ಕೆ ಸ್ವಲ್ಪ ದೂರ ಹಾರಿ, ಬೇಜಾರಾಗಿ ತಿರುಗಿಕೊಂಡಿತು.

ಆದರೆ ಬೆಳಗಿನ ಗುಂಯ್ ಇಳಿದಿರಲಿಲ್ಲ. ಶಾಲೆಯ ಮುಂದೆ ಎಂಜಿನ್ ಆರಿಸಿದಾಗ ಅದು ಎದ್ದು ಕೂತಿತು.

ಮೇಷ್ಟ್ರು ಬಾಗಿಲಲ್ಲೇ ಕಾಯುತ್ತಿದ್ದರು. ಮಾರನೆಯ ದಿನ ಮಕ್ಕಳ ಹಾಡಿಗೆ ಊರೆಲ್ಲ ಬರುವುದಿತ್ತು. ಕಾಫಿ ಕೊಟ್ಟರು. ಚಿಕ್ಕಮ್ಮ ಹಾರ್ಮೋನಿಯಮ್ಮಿನ ಮುಂದೆ ಕೂತಳೇ ಹೊರತು ಮುಚ್ಚಳ ಎತ್ತಲಿಲ್ಲ.

"ಶುರು ಮಾಡೋದಾ ತಾಯೀ?"

"ಕಿವಿ ಇಳೀಲಿ ಮೇಷ್ಟ್ರೇ."

"ಇಳೀದಿದ್ರೆ?"

"ಇಳೀದಿದ್ರೆ ಮುಟ್ಟಲ್ಲ. ಹಾಗೇ ವಾಪಸ್ ಹೋಗ್ತೀನಿ."

ಮೇಷ್ಟ್ರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಆಚೆ ಹೋದರು. ಅವಳು ಕಣ್ಣು ಮುಚ್ಚಿ ಕೂತಳು. ಗುಂಯ್ ಇತ್ತು. ಸ್ವಲ್ಪ ಹೊತ್ತಿಗೆ ಅದು ಕೋಣೆಯ ಇನ್ನೊಂದು ಮೂಲೆಗೆ ಸರಿದಂತಾಯಿತು. ಬಿಸಿಲಿನ ಪಟ್ಟಿ ನೆಲದ ಮೇಲೆ ಅವಳ ಕಾಲಿನವರೆಗೆ ಬಂತು. ಆಚೆ ಮೇಷ್ಟ್ರು ಯಾರಿಗೋ "ಶ್, ಕಿವಿ ಇಳೀತಿದೆ" ಅನ್ನುತ್ತಿದ್ದುದು ಕೇಳಿಸಿತು. ಕಪ್ಪಿನ ತಳದಲ್ಲಿ ಕಾಫಿ ಆರಿತು. ಮತ್ತೆ ಹುಡುಕಿದಾಗ ಗುಂಯ್ ಅಲ್ಲಿರಲಿಲ್ಲ.

ಮುಚ್ಚಳ ಎತ್ತಿದಳು. ಬೇಕೆಂದೇ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ತೆಳುವಾದ ಸ್ವರದಿಂದ ಶುರು ಮಾಡಿದಳು, ಕಿವಿ ಕೈಕೊಡುವುದಿದ್ದರೆ ಅಲ್ಲೇ ಕೊಡಬೇಕು. ತಿದಿ ಒತ್ತಿದಳು. ಅಲೆ ಇತ್ತು, ಸೊಳ್ಳೆಯ ರೆಕ್ಕೆಯಷ್ಟು ಸಣ್ಣದು. ಸವರಿದಳು. ಅಲೆ ಉದ್ದವಾಯಿತು. ಇನ್ನಷ್ಟು ಸವರಿದಳು, ಇನ್ನೂ ಉದ್ದವಾಯಿತು, ತೇಲಿತು, ನಿಂತಿತು. ಅವಳು ತಿದಿಯ ಮೇಲಿನ ಕೈ ತೆಗೆಯದೆ ಗಾಳಿ ಮುಗಿಯುವವರೆಗೂ ಅದನ್ನೇ ಕೇಳಿದಳು.

ಸಂಜೆ ಮೇಷ್ಟ್ರು ಕೂತು ನುಡಿಸಿದರು, ಕೆಳಗಿನಿಂದ ಮೇಲಿನವರೆಗೆ, ಮತ್ತೆ ಮೇಲಿನಿಂದ ಕೆಳಗೆ. ಎದ್ದುಹೋಗಿ ಮಕ್ಕಳನ್ನು ಕರೆತಂದರು. ಈ ಸಲ ಯಾರೂ ಸ್ವರದ ಹಿಂದೆ ಕಿರುಚಿಕೊಂಡು ಓಡಲಿಲ್ಲ.

ಉಳಿಯಲು ಕೊಟ್ಟ ಕೋಣೆಯಿಂದ ಅಮ್ಮನಿಗೆ ಫೋನು ಬಂತು. ಸ್ಪೀಕರಿನಲ್ಲಿ ನಾನೂ ಕೇಳಿದೆ.

"ಗುಂಯ್ ಇದ್ಯಾ?"

"ಬೆಳಗ್ಗೆ ಇತ್ತು. ಈಗಿಲ್ಲ."

"ನಿಜ ಹೇಳು."

"ನೀನು ಹಲ್ಲಿನ ಸಂದಿಯಿಂದ ಏನೋ ಕೀಳ್ತಿದ್ಯಲ್ಲಕ್ಕಾ, ಅದೂ ಕೇಳ್ತಿದೆ."

ಅಮ್ಮ ಕಡ್ಡಿ ಕೆಳಗಿಟ್ಟಳು. "ಸರಿ. ಬರೋವಾಗ ನಿಧಾನ ಬಾ, ಗಾಡೀಲೇ," ಅಂದಳು.

ಚಿಕ್ಕಮ್ಮ ದೀಪ ಆರಿಸಿ ಮಲಗಿದಳು. ಹೊರಗೆ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಬಚ್ಚಲಿನ ನಲ್ಲಿ ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು, ಒಂದೊಂದು ಹನಿಯೂ ಒಂದೊಂದು ಸ್ವರಕ್ಕೆ. ಕೇಳುತ್ತಾ ಮಲಗಿದ್ದಳು. ಆಮೇಲೆ ಎದ್ದು, ಸೋರುವ ನಲ್ಲಿಯನ್ನು ಹಾಗೇ ಬಿಟ್ಟು, ಹನಿ ಸದ್ದಾಗದಂತೆ ತನ್ನ ಟವೆಲ್ಲನ್ನು ಮಡಿಸಿ ಬಕೆಟ್ಟಿನ ತಳಕ್ಕೆ ಹಾಸಿ ಬಂದು ಮಲಗಿದಳು.