ಟಾರ್ಚಮ್ಮನ ಮನೆಯ ಫ್ರಿಜ್ಜು

ಸೊಳ್ಳೆಗೆ ಹೊಡೆಯುವ ಹೊಗೆ ಜ್ವರಕ್ಕೂ ಔಷಧಿಯೆಂದು ನಾನು ಬಹಳ ಕಾಲ ನಂಬಿದ್ದೆ. ಹೊಗೆ ಮೆಷಿನ್ನು ಬೀದಿಗೆ ಬಂದರೆ ಜನ ಕಿಟಕಿ ಮುಚ್ಚುತ್ತಿದ್ದರು. ನಾನೊಬ್ಬ ಅದರ ಬೆನ್ನಿಗೇ ಬಿದ್ದು ಎದೆತುಂಬ ಎಳೆದುಕೊಳ್ಳುತ್ತಿದ್ದೆ. ಒಂದು ದಿನ ಕೆಮ್ಮುತ್ತಾ ಕಣ್ಣೀರು ಸುರಿಸುತ್ತಾ ಮನೆಗೆ ಬಂದಾಗ ಅತ್ತೆ ಕೇಳಿದ್ದು ಇಷ್ಟೇ: "ನೀನೇನು ಸೊಳ್ಳೇನಾ?"

ಅತ್ತೆ ಅಂದರೆ ಅಪ್ಪನ ತಂಗಿ. ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ಎತ್ತಿಡುವ ಕೆಲಸ ಸಿಕ್ಕಿದಾಗಿನಿಂದ ನಾನು ಅವಳ ಮನೆಯಲ್ಲೇ ಠಿಕಾಣಿ ಹೂಡಿದ್ದೇನೆ. ಅವಳದು ಆರೋಗ್ಯ ಇಲಾಖೆಯ ಕೆಲಸ: ಮನೆಮನೆಗೆ ಹೋಗಿ, ನಿಂತ ನೀರಿಗೆ ಟಾರ್ಚ್ ಬಿಟ್ಟು, ಸೊಳ್ಳೆಮರಿ ಹುಡುಕುವುದು. ನೋಡಿ ಮುಗಿದ ಮನೆಯ ಬಾಗಿಲಿಗೆ ಸೀಮೆಸುಣ್ಣದ ಗೆರೆ. ಬೀದಿಯವರು ಇಟ್ಟ ಹೆಸರು ಟಾರ್ಚಮ್ಮ. ಯಾರ ಮನೆಯಾದರೂ ಸರಿ, ನೇರ ಅಡುಗೆಮನೆಗೆ ನುಗ್ಗಿ, ಫ್ರಿಜ್ಜನ್ನು ಎಳೆದು, ಅದರ ಹಿಂದೆ ನೀರು ತೊಟ್ಟಿಕ್ಕುವ ತಟ್ಟೆಗೆ ಇಣುಕುವಳು. "ಮುಂದ್ಗಡೆ ಎಲ್ರೂ ಒರೆಸ್ತಾರೆ. ಹಿಂದ್ಗಡೆ ನೋಡ್ಬೇಕು" ಅನ್ನುವಳು.

ಈ ಸಲ ಡೆಂಗಿ ಬಂದಾಗ ಮೊದಲು ಮಲಗಿದವಳು ಪಕ್ಕದ ಮನೆಯ ಟೈಲರನ ಮಗಳು. ಅವರ ಹೂಕುಂಡದ ಕೆಳಗಿನ ತಟ್ಟೆಯಲ್ಲಿ ನಾಲ್ಕು ಮರಿ ಸಿಕ್ಕವು. ಅತ್ತೆ ನಡುಬೀದಿಯಲ್ಲೇ ಅವನ ನೀರಿಳಿಸಿದಳು: "ಬೀದಿಗೆಲ್ಲ ಜ್ವರ ಹಂಚೋಕೆ ಕೂತಿದೀಯೇನಪ್ಪಾ?" ಅಲ್ಲಿಂದಾಚೆ ಅವನಿಗೆ ಬಟ್ಟೆ ಕೊಡುವವರೇ ಇಲ್ಲವಾದರು. ಮಗಳು ಆಸ್ಪತ್ರೆಯಲ್ಲಿ, ಅವಳ ಜೊತೆಗೆ ಹೆಂಡತಿ. ಅವನು ಕೆಲಸವಿಲ್ಲದ ಹೊಲಿಗೆ ಮೆಷಿನ್ನಿನ ಮುಂದೆ.

ಕುಂಡದ ತಟ್ಟೆ ಒಣಗಿದರೂ ಜ್ವರ ನಿಲ್ಲಲಿಲ್ಲ. ಇಸ್ತ್ರಿಯವನು ಮಲಗಿದ, ಎದುರುಮನೆ ಮೇಷ್ಟ್ರು ಮಲಗಿದರು.

"ಈ ಸೊಳ್ಳೆ ದೂರ ಹಾರಲ್ಲ ಕಣೋ, ನಿನ್ನ ಹಾಗೇ ಸೋಮಾರಿ. ಇಲ್ಲೇ ಎಲ್ಲೋ ಹುಟ್ತಿದೆ" ಅಂದಳು ಅತ್ತೆ. ಎಲ್ಲರ ಮನೆಯನ್ನೂ ಮತ್ತೆ ಜಾಲಾಡಿದಳು. ಏನೂ ಸಿಗಲಿಲ್ಲ.

"ನಮ್ಮನೆ ಒಂದು ಬಾಕಿ" ಅಂದೆ, ತಮಾಷೆಗೆ.

ಅತ್ತೆ ನಗಲಿಲ್ಲ. ನಮ್ಮ ಬಾಗಿಲಿಗೂ ಪ್ರತಿ ವಾರ ಗೆರೆ ಎಳೆಯುತ್ತಿದ್ದವಳು ಅವಳೇ. ಗೆರೆ ಎಳೆದು ಒಳಗೆ ಬರುತ್ತಿದ್ದದ್ದು ಮಾತ್ರ ಊಟಕ್ಕೆ. ಫ್ರಿಜ್ಜು ಗೋಡೆಗೂ ಬೀರುವಿಗೂ ನಡುವೆ ಬಿಗಿಯಾಗಿ ಕೂತಿತ್ತು. ಪಾರ್ಸೆಲ್ ಎತ್ತುವ ನನ್ನ ತೋಳು ಮನೆಯಲ್ಲಿ ಮೊದಲ ಸಲ ಉಪಯೋಗಕ್ಕೆ ಬಂತು. ಎಳೆದೆ. ಅವಳು ಟಾರ್ಚ್ ಬಿಟ್ಟಳು. ತಟ್ಟೆಯ ನೀರೆಲ್ಲ ಮಿಜಿಮಿಜಿ ಕುಣಿಯುತ್ತಿತ್ತು.

ನೀರು ಚೆಲ್ಲಿ, ತಟ್ಟೆ ತಿಕ್ಕಿ ತೊಳೆದಳು. ಅಷ್ಟು ಹೊತ್ತೂ ತಲೆ ಎತ್ತಲಿಲ್ಲ. ಬುದ್ಧಿವಂತನಾದ ನಾನು ಸಲಹೆ ಕೊಟ್ಟೆ: "ಹೇಗೂ ಚೆಲ್ಲಾಯ್ತಲ್ಲ ಅತ್ತೆ. ಯಾರಿಗೂ ಗೊತ್ತಾಗಲ್ಲ ಬಿಡು."

ಅವಳು ಕೈ ಒರೆಸಿಕೊಂಡು ಹೊರಟಳು. ಬಾಗಿಲಿನ ಗೆರೆಯನ್ನು ಅಂಗೈಯಿಂದ ಉಜ್ಜಿ ಅಳಿಸಿ, ನೇರ ಟೈಲರನ ಅಂಗಡಿಗೆ ನಡೆದಳು. ನಾನು ತಲೆ ತಗ್ಗಿಸಿ, ಚಪ್ಪಲಿಯನ್ನೇ ನೋಡಿಕೊಂಡು ಹಿಂದೆ ಹೋದೆ. ಅಲ್ಲಿ ಇಸ್ತ್ರಿಯವನ ಹೆಂಡತಿಯೂ ಇದ್ದಳು, ಮೇಷ್ಟ್ರ ಮಗನೂ ಇದ್ದ.

ಅತ್ತೆ ಬಾಯಿ ತೆರೆಯುವ ಮೊದಲೇ ಟೈಲರ್ ಅವಳ ಮುಖ ನೋಡದೆ ಕೇಳಿದ: "ಎಲ್ರ ಮನೆ ಹಿಂದ್ಗಡೇನೂ ನೋಡಿದ್ರಿ. ನಿಮ್ಮನೇದು ಯಾರು ನೋಡಿದ್ರು ಅಕ್ಕಾ?"

"ಯಾರೂ ನೋಡಿರ್ಲಿಲ್ಲ. ನೋಡ್ದೇನೇ ಗೆರೆ ಎಳೀತಿದ್ದೆ. ನಿನ್ನ ತಟ್ಟೇಲಿ ನಾಲ್ಕಿತ್ತು, ನಮ್ಮದ್ರಲ್ಲಿ ಲೆಕ್ಕಾನೇ ಇರ್ಲಿಲ್ಲ."